ರೀತಮ್ಮನವರು ಹಾಕಿಸಿದ ಎಲೆ

ಹೊಂಗೆದೊಡ್ಡಿಯಲ್ಲಿ, ಯೇಸುವಿನ ಸಾಕುತಂದೆ ಸಂತ ಜೋಜಪ್ಪನವರ ಗುಡಿಯ ಹಿಂದುಗಡೆ, ಗಂಟೆಗೋಪುರದ ನೆರಳು ಬೀಳುವ ಜಾಗದಲ್ಲಿ, ತಗಡು ಹೊದಿಸಿದ ಒಂದು ಸಣ್ಣ ಕೋಣೆಯಿತ್ತು. ಪೂಜ್ಯ ರೀತಮ್ಮನವರು ವಾಸವಾಗಿದ್ದದ್ದು ಅಲ್ಲಿಯೇ. ಒಂದು ಇದ್ದಿಲೊಲೆ, ಒಂದು ಚಾಪೆ, ಮೊಳೆಗೆ ತೂಗುಹಾಕಿದ ಜಪಸರ, ಉಟ್ಟದ್ದೊಂದು ಒಗೆದದ್ದೊಂದು ಬಿಳಿ ಸೀರೆ. ಇಷ್ಟೇ ಅವರ ಸಂಸಾರ. ಗುಡಿಯ ಬಲಿಪೂಜೆಯಲ್ಲಿ ಗುರುಗಳು ಹಂಚುವ ಪರಮಪ್ರಸಾದವಾಗಬೇಕಾದ ಅಪ್ಪಗಳನ್ನು ಸುಡುವ ಸೇವೆ ಅವರದು. ಉದ್ದ ಹಿಡಿಯ ಕಬ್ಬಿಣದ ಅಚ್ಚಿನಲ್ಲಿ ಹಿಟ್ಟು ಹುಯ್ದು, ಕೆಂಡದ ಮೇಲೆ ಹಿಡಿದು, ತಿರುಗಿಸಿ ತೆರೆದರೆ ಕಾಗದದಷ್ಟು ತೆಳ್ಳನೆಯ ರೊಟ್ಟಿ. ಅದರಿಂದ ದುಂಡನೆಯ ಅಪ್ಪಗಳನ್ನು ಕತ್ತರಿಸಿ ತೆಗೆದು, ಉಳಿದ ಅಂಚನ್ನು ಬಂದವರ ಕೈಗಿಡುತ್ತಿದ್ದರು. ಆ ಅಂಚಿಗೆ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಬರುತ್ತಿದ್ದರು. ಬಂದವರು ತಿಂದು ಸುಮ್ಮನೆ ಹೋಗುತ್ತಿದ್ದರೇ? ಮನೆಯೊಳಗಿನ ಕೊಳೆಯನ್ನೆಲ್ಲ ಆ ಒಲೆಯ ಮುಂದೆ ಸುರಿದು, ಹಗುರಾಗಿ ಎದ್ದು ಹೋಗುತ್ತಿದ್ದರು.

ಇಂಥ ಮಹಾತಾಯಿಯನ್ನೂ ಊರಿನ ಬಾಯಿ ಬಿಟ್ಟಿರಲಿಲ್ಲ, ಅದನ್ನು ಹೇಳದೆ ಮುಂದಕ್ಕೆ ಹೋದರೆ ಸರಿಯಲ್ಲ. ಒಳ್ಳೆ ಮನೆತನದ ಹುಡುಗಿ. ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಪಾಯಸದ ಮುಂದೆ ಕೂತಿರುವಾಗ ರೀತಮ್ಮನವರು ಹಿತ್ತಿಲ ಬಾಗಿಲಿಂದ ಓಡಿಹೋದರು. ಓಡಿದಳಂತೆ, ಯಾರ ಜೊತೆಯಂತೆ, ಎಷ್ಟು ದಿನದಿಂದ ನಡೆದಿತ್ತಂತೆ ಎಂದು ಸುತ್ತಲ ಊರುಗಳೆಲ್ಲ ಬಾಯಿ ಚಪ್ಪರಿಸಿದವು. ಓಡಿದ್ದು ಸುಳ್ಳೇನಲ್ಲ. ಆದರೆ ಯಾರ ಹತ್ತಿರಕ್ಕೆ ಎಂದು ಹುಡುಕಿಕೊಂಡು ಹೋದವರಿಗೆ ಸಿಕ್ಕಿದಾತ ಶಿಲುಬೆಯ ಮೇಲಿದ್ದ. ಗುಡಿಯ ಪೀಠದ ಮುಂದೆ ಮೊಣಕಾಲೂರಿ ಕೂತಿದ್ದ ಹುಡುಗಿಯನ್ನು ಅಲ್ಲಿಂದ ಎಬ್ಬಿಸುವುದು ಯಾರ ಕೈಲೂ ಆಗಲಿಲ್ಲ. ಆವತ್ತು ಆಡಿಕೊಂಡ ಬಾಯಿಗಳೇ ಮುಂದೆ ಅವರನ್ನು ಅಮ್ಮನವರು ಎಂದವು.

ಆ ದಿನ ಗುರುವಾರ. ಪೂಜೆ ಮುಗಿದು ಜನ ಹಿಪ್ಪುನೇರಳೆ ತೋಟಗಳಿಗೆ ಸೊಪ್ಪು ಕೊಯ್ಯಲು ಹೋಗಿಯಾಗಿತ್ತು. ರೀತಮ್ಮನವರು ಅಚ್ಚನ್ನು ಕೆಂಡದ ಮೇಲೆ ಹಿಡಿದು ಕೂತಿದ್ದಾಗ ಕೆಳಗಿನ ಕೇರಿಯ ಚೌರಮ್ಮ ಬಂದಳು. ಬಂದಳು ಅನ್ನುವುದಕ್ಕಿಂತ ನುಗ್ಗಿದಳು ಅನ್ನಬೇಕು.

ಹೊಂಗೆದೊಡ್ಡಿಯಲ್ಲಿ ಯಾರು ಯಾರಿಗೆ ಎದುರಾದರೂ ಮೊದಲು ಬರುವ ಮಾತು, ದೇವರ ಉಪಕಾರ ನೆನೆಯುವ "ಸ್ತೋತ್ರ". ಎದುರಿನವರು "ಸರ್ವೇಶ್ವರನಿಗೆ ಸ್ತೋತ್ರ" ಎಂದರೆ ಮಾತು ಶುರು. ಬೇಲಿ ಜಗಳಕ್ಕೆ ಕೋಲು ಹಿಡಿದು ಬಂದವನೂ ಸ್ತೋತ್ರ ಹೇಳಿಯೇ ಕೋಲೆತ್ತುವ ಊರು ಅದು. ಚೌರಮ್ಮ ಹೇಳಲಿಲ್ಲ. ರೀತಮ್ಮನವರೇ ತಲೆಯೆತ್ತಿ, "ಸ್ತೋತ್ರ, ಚೌರಮ್ಮ" ಎಂದರು.

"ಯಾತಕ್ಕೆ ತಾಯಿ ಸ್ತೋತ್ರ? ನನ್ನ ಮನೇಲೇನು ಮದುವೆ ನಡೀತಾ ಅದಾ?" ಎಂದಳು ಚೌರಮ್ಮ.

ಅವಳ ಮನೆಯಲ್ಲಿ ನಡೆಯುತ್ತಿದ್ದದ್ದು ಏನೆಂದು ಊರಿಗೆಲ್ಲ ಗೊತ್ತಿತ್ತು. ಚೌರಮ್ಮನಿಗೆ ಹಲ್ಲುಗಳೆಲ್ಲ ಉದುರಿಹೋಗಿದ್ದವು, ಆದರೆ ಅವುಗಳ ಹರಿತವನ್ನೆಲ್ಲ ನಾಲಿಗೆಯೇ ಇಟ್ಟುಕೊಂಡಿತ್ತು. ಗಂಡ ಸತ್ತ ಮೇಲೆ ಒಬ್ಬನೇ ಮಗ ಅರುಳಪ್ಪನನ್ನು ಬೆಳೆಸಿದವಳು. ಅರುಳಪ್ಪ ಬಾಯಿಲ್ಲದ ಮನುಷ್ಯ, ಅವನ ಪಾಲಿನ ಮಾತನ್ನೂ ಅವ್ವನೇ ಆಡಿ ಮುಗಿಸುತ್ತಿದ್ದಳು. ಅವನಿಗೆ ತಂದ ಹೆಣ್ಣು ಸಿಸಿಲಿ. ಸಿಸಿಲಿ ಮನೆಗೆ ಕಾಲಿಟ್ಟ ದಿನದಿಂದ ಚೌರಮ್ಮನಿಗೆ ಕೊಳಾಯಿಯ ಹತ್ತಿರ ಹೇಳಲು ಒಂದು ಕಥೆ ಸಿಕ್ಕಿತು. ಸೊಸೆ ಸೋಮಾರಿ. ಎರಡು ಕೊಡ ನೀರು ತರಲು ದಾರಿಯಲ್ಲಿ ನಾಲ್ಕು ಕಡೆ ಕೂರುತ್ತಾಳೆ. ಸೊಪ್ಪಿನ ಹೊರೆ ಎತ್ತಿದರೆ ನಾಯಿಯ ಹಾಗೆ ತೇಕುತ್ತಾಳೆ. ಕಾಲು ಊದಿದೆ ಅಂತ ತೋರಿಸುತ್ತಾಳೆ, ತಿಂದು ಕೂತರೆ ಕಾಲೂ ಊದುತ್ತದೆ, ಮೈಯೂ ಊದುತ್ತದೆ. ಒಂದು ಮಗುವನ್ನಾದರೂ ಹೆತ್ತಳಾ, ಅದೂ ಇಲ್ಲ. ಕೊಳಾಯಿಯ ಹೆಂಗಸರು ಕೊಡ ತುಂಬಿದ್ದನ್ನೂ ಮರೆತು ಕೇಳುತ್ತಿದ್ದರು. ಸಿಸಿಲಿ ಅದೇ ಸಾಲಿನ ಕೊನೆಯಲ್ಲಿ ತಲೆತಗ್ಗಿಸಿ ನಿಂತಿರುತ್ತಿದ್ದಳು.

ಹೀಗಿರುತ್ತಾ ಒಂದು ದಿನ ಆ ಸಾಲಿನಲ್ಲೇ ಸಿಸಿಲಿ ಕೊಡದ ಸಮೇತ ಬಿದ್ದಳು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ನೋಡಿದ ಡಾಕ್ಟರು, ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರದಿಂದ ಹೃದಯದ ಬಾಗಿಲೊಂದು ಮುದುರಿಕೊಂಡಿದೆ, ರಕ್ತ ಸರಿಯಾಗಿ ದಾಟುತ್ತಿಲ್ಲ, ವರ್ಷಗಳಿಂದ ಈಕೆ ಹೇಗೆ ಕೆಲಸ ಮಾಡಿದಳೋ ಗೊತ್ತಿಲ್ಲ ಎಂದರು. ಎದೆ ತೆರೆದು ಆಪರೇಷನ್ ಮಾಡಬೇಕು. ಮಾಡಿದರೆ ಉಳಿಯಬಹುದು, ಕೈ ಮೀರಲೂಬಹುದು. ಮಾಡದಿದ್ದರೆ ಮುಂದಿನ ಹಬ್ಬ ನೋಡುವುದಿಲ್ಲ. ಒಂದಿಷ್ಟು ಮಾತ್ರೆ ಕೊಟ್ಟು, ಸ್ವಲ್ಪ ಸುಧಾರಿಸಿಕೊಂಡು ಬರುವ ಸೋಮವಾರ ಬನ್ನಿ ಎಂದು ಮನೆಗೆ ಕಳಿಸಿದರು.

ಮನೆಗೆ ಬಂದ ಸಿಸಿಲಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಆಪರೇಷನ್ ಮಾತೆತ್ತಿದರೆ ಒಂದೇ ಉತ್ತರ, "ಬೇಡ ಬಿಡಿ." ಗಂಡ ಕಾಲು ಹಿಡಿದ, ಬೇಡ ಬಿಡಿ. ಊರ ಗುರುಗಳು ಬಂದು ಬುದ್ಧಿ ಹೇಳಿದರು, ಬೇಡ ಬಿಡಿ ಸ್ವಾಮಿ. ಯಾರಿಗಾಗಿ ಎದ್ದು ಬರಬೇಕು ಎಂದು ಅವಳು ಕೇಳಲಿಲ್ಲ. ಕೇಳದಿದ್ದರೂ ಆ ಬೆನ್ನನ್ನು ನೋಡಿದವರಿಗೆಲ್ಲ ಕೇಳಿಸುತ್ತಿತ್ತು.

ಈಗ ಕಥೆ ಹೇಳುವ ಸರದಿ ಎದುರು ಮನೆ ಇನ್ಯಾಸಮ್ಮನದಾಯಿತು. ಕೊಳಾಯಿಯ ಹತ್ತಿರ ಸೊಂಟಕ್ಕೆ ಕೈಯಿಟ್ಟು ನಿಂತು, ಕೊಡ ಹೊರಿಸಿ ಹೊರಿಸಿಯೇ ಸೊಸೆಯನ್ನು ಕೊಂದಳು, ಮಗನಿಗೆ ಇನ್ನೊಂದು ಹೆಣ್ಣನ್ನು ಆಗಲೇ ನೋಡಿಟ್ಟಿದ್ದಾಳಂತೆ ಎಂದಳು. ಹೆಣ್ಣಿನ ಊರಿನ ಹೆಸರನ್ನೂ ಹೇಳಿದಳು. ಎಲ್ಲಿಂದ ತಂದಳೋ ಆ ಹೆಸರನ್ನು! ಚೌರಮ್ಮ ಬಂದ ಕೂಡಲೇ ಕೊಳಾಯಿಯ ಮಾತು ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ತಾನು ಬಂದಾಗ ಮಾತು ನಿಂತರೆ ಆ ಮಾತು ತನ್ನದೇ ಎಂದು ಚೌರಮ್ಮನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅವಳು ಹೊರದ ಹರಕೆಯಿಲ್ಲ. ಉಪವಾಸ ಹಿಡಿದಳು, ಮೇಣದಬತ್ತಿ ಹಚ್ಚಿದಳು, ಮೊಣಕಾಲಲ್ಲಿ ಗುಡಿ ಸುತ್ತಿದಳು. ಏನೂ ನಡೆಯದಿದ್ದಾಗ ಸಿಟ್ಟು ನೆತ್ತಿಗೇರಿ, ನಡುಮನೆಯ ಗೋಡೆಯ ಮೇಲಿದ್ದ ಜೋಜಪ್ಪನವರ ಪಟವನ್ನೇ ಗೋಡೆಗೆ ಮುಖಮಾಡಿ ತಿರುಗಿಸಿಟ್ಟಳು. ಸೊಸೆ ಎದ್ದು ಕೂತ ದಿನ ತಿರುಗಿಸುತ್ತೇನೆ, ಅಲ್ಲಿಯತನಕ ಸುಣ್ಣ ನೋಡಿಕೊಂಡಿರು ಎಂದಳು. ಅದೇ ಸಿಟ್ಟನ್ನು ಹೊತ್ತುಕೊಂಡೇ ಗುರುವಾರ ಈ ಒಲೆಯ ಮುಂದೆ ಬಂದಿದ್ದಳು.

ಎಲ್ಲವನ್ನೂ ಸುರಿದಳು. ಪಟದ ವಿಷಯವನ್ನೂ ಬಿಡಲಿಲ್ಲ. ರೀತಮ್ಮನವರು ಅಚ್ಚು ತಿರುಗಿಸುತ್ತಾ ಕೇಳಿದರು. ಮುಗಿದ ಮೇಲೆ ರೊಟ್ಟಿಯ ಅಂಚನ್ನು ಮುರಿದು ಅವಳ ಕೈಗಿಟ್ಟರು. ಚೌರಮ್ಮ ಅದನ್ನು ಬಾಯಿಗೆ ಹಾಕಿಕೊಂಡು ಒಸಡಿನಲ್ಲಿ ನೆನೆಸುತ್ತಾ ಕೂತಳು.

"ಹಲ್ಲಿಲ್ಲವಲ್ಲ, ಎಲೆಅಡಿಕೆ ಯಾರು ಕುಟ್ಟಿಕೊಡುತ್ತಾರೆ?" ಎಂದು ರೀತಮ್ಮನವರು ಕೇಳಿದರು.

ಇದೇನು ಹೊತ್ತಲ್ಲದ ಹೊತ್ತಿನಲ್ಲಿ ಎಲೆಅಡಿಕೆಯ ಮಾತು ಎಂದು ಚೌರಮ್ಮನಿಗೆ ಅನ್ನಿಸಿತು. ಆದರೂ ಅದು ಅವಳ ಹೆಮ್ಮೆಯ ವಿಷಯ. ಮಗನೇ ಕುಟ್ಟಿಕೊಡುತ್ತಾನೆ, ನಿತ್ಯ ಬೆಳಿಗ್ಗೆ ಡಬ್ಬಿ ತುಂಬಿ ಕೈಗೆ ತಂದುಕೊಡುತ್ತಾನೆ, ಹೆಂಡತಿ ಅಂತ ಒಬ್ಬಳಿದ್ದಾಳೆ ಹೆಸರಿಗೆ, ತಾಯಿಯ ಯೋಗಕ್ಷೇಮ ಮಗನೇ ನೋಡಬೇಕು ಎಂದಳು. ಈ ಮಾತನ್ನು ಕೊಳಾಯಿಯ ಹತ್ತಿರ ಎಷ್ಟೋ ಸಲ ಹೇಳಿ ಅವಳ ನಾಲಿಗೆಗೆ ಪಾಠವಾಗಿತ್ತು. ರೀತಮ್ಮನವರು ಅಚ್ಚು ತೆರೆದು ಇನ್ನೊಂದು ರೊಟ್ಟಿ ಬಿಡಿಸಿದರು.

ಕಡೆಗೆ ಚೌರಮ್ಮ ಬಂದ ಕೆಲಸಕ್ಕೆ ಬಂದಳು. "ನಿಮ್ಮ ಕೈಯೊಂದು ಅವಳ ಎದೆ ಮೇಲೆ ಇಟ್ಟುಬಿಡಿ ತಾಯಿ. ಆಪರೇಷನ್ನೂ ಬೇಡ, ಏನೂ ಬೇಡ."

ರೀತಮ್ಮನವರು ಎರಡೂ ಅಂಗೈ ತೆರೆದು ತೋರಿಸಿದರು. "ಈ ಕೈಯಲ್ಲಿ ಸುಟ್ಟ ಗಾಯ ಬಿಟ್ಟರೆ ಏನೂ ಇಲ್ಲ. ದೇವರು ಇಟ್ಟಿರುವುದು ಡಾಕ್ಟರ ಕೈಯಲ್ಲಿ. ಅಲ್ಲಿಗೆ ಕರೆದುಕೊಂಡು ಹೋಗು."

"ಅವಳು ಏಳಬೇಕಲ್ಲ ತಾಯಿ?"

"ಹಾಗಾದರೆ ಭಾನುವಾರ ಜೋಜಪ್ಪನವರ ಎಲೆ ಹಾಕು. ನಾನೂ ಬರುತ್ತೇನೆ."

ಚೌರಮ್ಮನ ಬಾಯೊಳಗಿನ ಅಂಚು ಅಲ್ಲೇ ನಿಂತಿತು. ಆ ಊರಿನ ಪದ್ಧತಿ ತಿಳಿಯದವರಿಗೆ ಅವಳ ಗಾಬರಿ ಅರ್ಥವಾಗುವುದಿಲ್ಲ. ಹೊಂಗೆದೊಡ್ಡಿಯಲ್ಲಿ ಕಾಯಿಲೆ ಬಿದ್ದವರು ಎದ್ದು ಓಡಾಡುವಂತಾದ ಮೇಲೆ, ಆ ಮನೆಯವರು ನಡುಮನೆಯಲ್ಲಿ ಮೂರು ಎಲೆ ಹಾಕುತ್ತಾರೆ. ಒಂದು ಜೋಜಪ್ಪನವರ ಹೆಸರಲ್ಲಿ ಬಡ ಮುದುಕನಿಗೆ, ಒಂದು ಮರಿಯಮ್ಮನವರ ಹೆಸರಲ್ಲಿ ದಿಕ್ಕಿಲ್ಲದ ಹೆಂಗಸಿಗೆ, ಒಂದು ಬಾಲಯೇಸುವಿನ ಹೆಸರಲ್ಲಿ ಮಗುವಿಗೆ. ಮನೆಯ ಹಿರಿಯರು ಆ ಮೂವರ ಕಾಲು ತೊಳೆದು, ಎಲ್ಲರಿಗೂ ಕೇಳುವ ಹಾಗೆ ತಮ್ಮ ಸ್ತೋತ್ರ ಒಪ್ಪಿಸಿ, ಬಡಿಸಬೇಕು. ಆಮೇಲೆ ಊರಿಗೆ ಊಟ. ರೋಗಿ ಮಂಚದ ಮೇಲಿರುವಾಗ ಎಲೆ ಹಾಕಿದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಎದ್ದ ಮೇಲೆ ಹಾಕಬೇಕು, ಇಲ್ಲವೇ ಮಣ್ಣು ಮಾಡಿ ಬಂದ ಮೇಲೆ ತಿಥಿಗೆ ಹಾಕಬೇಕು. ನಡುವೆ ಎಲೆಯೆಂಬುದೇ ಇಲ್ಲ.

"ಅವಳಿನ್ನೂ ಎದ್ದಿಲ್ಲ ತಾಯಿ. ಊರು ಏನನ್ನುತ್ತೆ?"

"ಎದ್ದ ಮೇಲೆ ಹಾಕಿದರೆ ಅದು ಸಂಬಳ ಕೊಟ್ಟ ಹಾಗೆ, ಚೌರಮ್ಮ. ಈಗ ಹಾಕು. ಅದು ಸ್ತೋತ್ರ."

"ಯಾವ ಸುಖಕ್ಕೆ ಸ್ತೋತ್ರ ಅಂತ ಹೇಳ್ಲಿ ನಾನು?"

ರೀತಮ್ಮನವರು ಅಚ್ಚನ್ನು ಮತ್ತೆ ಕೆಂಡದ ಮೇಲಿಟ್ಟರು. "ಮನೆಯಲ್ಲೇ ಹುಡುಕು. ಆ ಮನೆಯಲ್ಲಿ ಈಗ ಎರಡು ಮುಖ ಗೋಡೆ ನೋಡುತ್ತಿವೆ. ಪಟ ತಿರುಗಿಸಲು ಆತುರ ಬೇಡ."

ಗುರುವಾರ ಮಧ್ಯಾಹ್ನದೊಳಗೆ ಸುದ್ದಿ ಊರು ಸುತ್ತಿ ಬಂತು. ಸೊಸೆ ಉಸಿರಾಡುತ್ತಿರುವಾಗಲೇ ತಿಥಿ ಎಲೆ ಹಾಕುತ್ತಾಳಂತೆ! ರೀತಮ್ಮನವರ ಹೆಸರು ಹೇಳಿದರೂ ಯಾರೂ ನಂಬಲಿಲ್ಲ, ಅಮ್ಮನವರು ಇಂಥದ್ದು ಹೇಳುವುದುಂಟೇ, ಇವಳೇ ಕಟ್ಟಿದ್ದು ಎಂದರು. ಇನ್ಯಾಸಮ್ಮನಿಗಂತೂ ಅನ್ನ ರುಚಿಸಲಿಲ್ಲ, ಅಷ್ಟು ಹೊಟ್ಟೆ ತುಂಬಿತ್ತು. ಅವಳು ಬಸ್ಸಿಗೆ ಹೋಗುವವರ ಕೈಲಿ ಸಿಸಿಲಿಯ ತವರಿಗೂ ಹೇಳಿಕಳಿಸಿದಳು. ಎಲೆ ಹಾಕುವ ಧೈರ್ಯ ಅವಳಿಗೆಲ್ಲಿದೆ, ಭಾನುವಾರ ಬಾಗಿಲು ಹಾಕಿಕೊಂಡು ಕೂರುತ್ತಾಳೆ, ನೋಡ್ತಿರಿ ಎಂದು ಸವಾಲನ್ನೂ ಹಾಕಿದಳು. ಆ ಸವಾಲು ಚೌರಮ್ಮನ ಕಿವಿಗೆ ಬಿತ್ತು. ಭಕ್ತಿಯಿಂದ ಅಲ್ಲ, ಸ್ತೋತ್ರದಿಂದಲೂ ಅಲ್ಲ, ಇನ್ಯಾಸಮ್ಮನ ಬಾಯಿ ಮುಚ್ಚಿಸಬೇಕು ಎಂಬ ಹಟದಿಂದಲೇ ಅವಳು ಅಕ್ಕಿ ನೆನೆಹಾಕಿದಳು. ದೇವರು ಯಾವ ಕಿಟಕಿಯಿಂದ ಮನೆಯೊಳಕ್ಕೆ ಬರುತ್ತಾನೋ ಯಾರು ಬಲ್ಲರು.

ಶನಿವಾರ ಊಟಕ್ಕೆ ನೀರು ತುಂಬಿಡಬೇಕಾಗಿತ್ತು. ಮಗ ಸೌದೆಗೆ ಹೋಗಿದ್ದ. ಎಷ್ಟೋ ವರ್ಷಗಳ ಮೇಲೆ ಚೌರಮ್ಮ ತಾನೇ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಕೊಳಾಯಿಯಿಂದ ಮನೆಗೆ ಏರು ದಾರಿ. ಅರ್ಧಕ್ಕೆ ಬರುವಷ್ಟರಲ್ಲಿ ಎದೆ ಹೊಡೆದುಕೊಂಡು ಕಣ್ಣು ಕತ್ತಲಿಟ್ಟಿತು. ದಾರಿಯ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಕೊಡವಿಟ್ಟು ಕೂತಳು. ಕೂತ ಮೇಲೆ ನೋಡಿದಳು, ಆ ಕಲ್ಲಿನ ಒಂದು ಮಗ್ಗುಲು ಕೊಡ ಇಟ್ಟು ಇಟ್ಟು ಬೆಳ್ಳಗೆ ಸವೆದಿತ್ತು. ಅದು ಯಾರ ಕೊಡವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಕಲ್ಲಿನ ಮೇಲೆ ಕೂರುವುದನ್ನೇ ತಾನೇ ಅವಳು ಊರಿಗೆಲ್ಲ ಹಾಡಿಹೇಳಿದ್ದು. ಗಟ್ಟಿ ಎದೆಯ ತನಗೇ ಹೀಗಾದರೆ, ಬಾಗಿಲು ಮುದುರಿದ ಎದೆ ಹೊತ್ತವಳಿಗೆ ಹೇಗಾಗಿರಬೇಕು ಎಂಬ ಯೋಚನೆ ಬಂತು. ಬಂದದ್ದನ್ನು ಬೈದು ಅಟ್ಟಲು ನೋಡಿದಳು, ಅದು ಹೋಗಲಿಲ್ಲ.

ಮನೆಗೆ ಬಂದು ಬಾಯಿ ಒಣಗಿ ಎಲೆಅಡಿಕೆ ಡಬ್ಬಿ ತೆಗೆದರೆ ಖಾಲಿ. ಸೌದೆ ಹಾಕಿ ಬಂದ ಮಗನ ಮೇಲೆ ಹರಿಹಾಯ್ದಳು. ಹೆಂಡತಿಯ ಚಿಂತೆಯಲ್ಲಿ ಅವ್ವ ಮರೆತುಹೋದಳಾ, ಒಂದು ಹಿಡಿ ಅಡಿಕೆ ಕುಟ್ಟಿಡಲು ಕೈ ಬಿದ್ದುಹೋಗಿತ್ತಾ ಎಂದಳು. ಅರುಳಪ್ಪ ಬಾಗಿಲ ಹತ್ತಿರವೇ ನಿಂತ. ಜನ್ಮದಲ್ಲಿ ಎದುರು ಮಾತಾಡದವನು ಆವತ್ತು ಆಡಿದ.

"ನಾನು ಯಾವತ್ತು ಕುಟ್ಟಿದೆ ಅವ್ವ? ಕುಟ್ಟುತ್ತಿದ್ದವಳು ಅವಳು. ನಾನು ತಂದುಕೊಡ್ತಿದ್ದೆ, ಅಷ್ಟೆ."

"ಅವಳೇ ಕೊಡೋಕೆ ಏನಾಗಿತ್ತು ರೋಗ?"

"ನನ್ನ ಕೈಯಿಂದ ಕೊಟ್ರೆ ಅತ್ತೆ ಉಗಿದುಬಿಡ್ತಾರೆ, ನೀವೇ ಕೊಡಿ ಅಂತಿದ್ದಳು."

ಚೌರಮ್ಮ ಖಾಲಿ ಡಬ್ಬಿಯನ್ನು ಕೆಳಗಿಟ್ಟಳು. ನಾಲ್ಕು ವರ್ಷ ಅವಳ ಬಾಯಿ ಕೆಂಪಾಗಿದ್ದದ್ದು ಆ ಕೈಯಿಂದ. ಆ ಕೆಂಪು ಬಾಯಿಯನ್ನೇ ತೆರೆದು ಅವಳು ಕೊಳಾಯಿಯ ಹತ್ತಿರ ನಿಂತದ್ದು. ಕೋಣೆಗೆ ಹೋಗಿ, ನೆಲದ ಮೇಲೆ ಕೂತು, ನಿದ್ದೆಹೋಗಿದ್ದ ಸಿಸಿಲಿಯ ಮಂಚದ ಕೆಳಗೆ ಬಗ್ಗಿ ನೋಡಿದಳು. ಸೀರೆ ಗಂಟಿನ ಹಿಂದೆ ಅಂಗೈಯಗಲದ ಕಬ್ಬಿಣದ ಒರಳು ಇತ್ತು. ಒಳಗೆ ಅರ್ಧ ಕುಟ್ಟಿದ ಅಡಿಕೆ, ಬಾಡಿದ ವೀಳ್ಯದೆಲೆ. ಅಡಿಕೆ ಒಣಗಿ ಕಲ್ಲಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೂ, ಗೋಡೆಗೆ ಮುಖ ಮಾಡಿದ ಮೇಲೂ, ಆ ಹುಡುಗಿ ಅತ್ತೆಯ ಬಾಯಿಗೆ ಕುಟ್ಟಲು ಕೂತಿದ್ದಳು. ಅರ್ಧಕ್ಕೆ ಕೈ ಸೋತಿತ್ತು.

ಆಮೇಲೆ ಮಲಗುವತನಕ ಚೌರಮ್ಮ ಯಾರನ್ನೂ ಬೈಯಲಿಲ್ಲ. ಎದುರು ಮನೆಯ ಇನ್ಯಾಸಮ್ಮನಿಗೆ ಅದಕ್ಕೇ ಭಯವಾಯಿತಂತೆ.

ಭಾನುವಾರ ಪೂಜೆ ಮುಗಿದದ್ದೇ ತಡ, ಕೆಳಗಿನ ಕೇರಿ ತುಂಬಿಹೋಯಿತು. ಊಟಕ್ಕೆ ಬಂದವರಿಗಿಂತ ನೋಡಲು ಬಂದವರೇ ಹೆಚ್ಚು. ನಡುಮನೆಯಲ್ಲಿ ಮೂರು ಬಾಳೆಎಲೆ ಹಾಕಿತ್ತು. ಜೋಜಪ್ಪನವರ ಎಲೆಗೆ ಗಂಟೆ ಹೊಡೆಯುವ ಮುದುಕ ಜ್ಞಾನಪ್ಪ ಕೂತ. ಬಾಲಯೇಸುವಿನ ಎಲೆಗೆ ಇನ್ಯಾಸಮ್ಮ ತನ್ನ ಮೊಮ್ಮಗಳನ್ನೇ ತಂದು ಕೂರಿಸಿದಳು, ತಾನು ಮುಂದೆ ನಿಂತು ನೋಡಬೇಕಲ್ಲ. ನಡುವಿನ ಎಲೆ ಖಾಲಿ. ರೀತಮ್ಮನವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮರಿಯಮ್ಮನವರ ಎಲೆ ಅವರಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಕೂತ್ಕೊಳ್ಳಿ ತಾಯಿ ಎಂದು ಎಷ್ಟು ಜನ ಕರೆದರೂ ಅವರು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಹೊರಗೆ ಟೆಂಪೊ ನಿಂತ ಸದ್ದು. ಸಿಸಿಲಿಯ ಅಣ್ಣ ರಾಯಪ್ಪ ಜನರನ್ನು ಸೀಳಿಕೊಂಡು ಬಂದ. ಕಣ್ಣು ಕೆಂಡ. "ನನ್ನ ತಂಗಿ ಉಸಿರಾಡ್ತಿರುವಾಗಲೇ ಎಲೆ ಹಾಕಿದ್ದೀರಾ? ಅವಳನ್ನ ಈಗಲೇ ಕರ್ಕೊಂಡು ಹೋಗ್ತೀನಿ. ಸಾಯೋದಾದ್ರೆ ನಮ್ಮ ಮನೇಲಿ ಸಾಯ್ತಾಳೆ" ಎಂದು ನಡುವಿನ ಎಲೆಯನ್ನು ಒದೆಯಲು ಕಾಲೆತ್ತಿದ.

ಒಂದು ಮಾತಿಗೆ ಹತ್ತು ಮಾತು ಕೊಡುವ ಚೌರಮ್ಮ ಈಗ ಬಾಯಿ ತೆರೆಯುತ್ತಾಳೆ, ಈಗ ತೆರೆಯುತ್ತಾಳೆ ಎಂದು ಜನ ಕಾದರು. ಅವಳು ತೆರೆಯಲಿಲ್ಲ. ಮಾತಾಡಿದವರು ರೀತಮ್ಮನವರು. ದನಿ ಎತ್ತರಿಸಲೂ ಇಲ್ಲ.

"ಆ ಎಲೆಗೆ ಕೂರಬೇಕಾದವಳು ಒಳಗೆ ಮಲಗಿದ್ದಾಳೆ."

ರಾಯಪ್ಪನ ಕಾಲು ಎತ್ತಿದಲ್ಲೇ ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಎಲೆಗೆ ಕೂತವರ ಕಾಲನ್ನು ಮನೆಯ ಹಿರಿಯರು ತೊಳೆಯಬೇಕು. ಅಂದರೆ ಅತ್ತೆ, ಸೊಸೆಯ ಕಾಲನ್ನು, ಊರೆಲ್ಲ ನೋಡುತ್ತಿರುವಾಗ! ಹೊಂಗೆದೊಡ್ಡಿಯಲ್ಲಿ ಹುಡುಗಿ ಓಡಿಹೋದದ್ದುಂಟು, ಅಣ್ಣತಮ್ಮ ಕೋರ್ಟಿಗೆ ಹೋದದ್ದುಂಟು, ಇಂಥದ್ದು ಮಾತ್ರ ಯಾರೂ ಕೇಳಿರಲಿಲ್ಲ.

ಮೊದಲು ಅರ್ಥವಾದದ್ದು ಚೌರಮ್ಮನಿಗೆ. ಅವಳು ಕೋಣೆಯೊಳಕ್ಕೆ ಹೋದಳು. ಬಾಗಿಲಲ್ಲಿ ತಲೆಗಳು ತುಂಬಿಕೊಂಡವು. ಸಿಸಿಲಿ ಗೋಡೆಗೆ ಮುಖ ಮಾಡಿಯೇ ಇದ್ದಳು. ಏಳು, ಎಲೆಗೆ ಬಾ ಎಂದರೆ, "ಬೇಡ ಬಿಡಿ ಅತ್ತೆ." ಚೌರಮ್ಮ ಬಗ್ಗಿ ಆ ಒರಳನ್ನು ಎತ್ತಿ ಮಂಚದ ಮೇಲಿಟ್ಟಳು. ಕಬ್ಬಿಣ ಮರಕ್ಕೆ ತಾಗಿದ ಸದ್ದಿಗೆ ಸಿಸಿಲಿ ಬೆಚ್ಚಿ ಈ ಕಡೆ ತಿರುಗಿದಳು. ಅಷ್ಟು ದಿನದಿಂದ ಗಂಡ ಕಾಣದ, ಗುರುಗಳು ಕಾಣದ ಮುಖ ತಿರುಗಿತು.

"ಬೈಬೇಡಿ ಅತ್ತೆ. ಕೈ ಬಿದ್ದುಹೋಗ್ತಾ ಅದೆ. ನಾಳೆ ಮುಗಿಸಿಕೊಡ್ತೀನಿ."

ಇಷ್ಟು ಕೇಳಿ ಚೌರಮ್ಮ ಒರಳನ್ನು ಪಕ್ಕಕ್ಕೆ ಸರಿಸಿ, ಮಗನನ್ನೂ ರಾಯಪ್ಪನನ್ನೂ ಕೈಸನ್ನೆ ಮಾಡಿ ಒಳಗೆ ಕರೆದಳು.

ಗಂಡನೂ ಅಣ್ಣನೂ ಸೇರಿ ಸಿಸಿಲಿಯನ್ನು ಕೈಯಲ್ಲಿ ಎತ್ತಿ ತಂದು, ಗೋಡೆಗೆ ದಿಂಬು ಕೊಟ್ಟು, ನಡುವಿನ ಎಲೆಯ ಮುಂದೆ ಕೂರಿಸಿದರು. ಚೌರಮ್ಮ ಮೊದಲು ಮುದುಕನ ಕಾಲು ತೊಳೆದಳು, ಮಗುವಿನ ಕಾಲು ತೊಳೆದಳು, ಆಮೇಲೆ ಸೊಸೆಯ ಕಾಲಿಗೆ ಬಂದಳು. ಅತ್ತೆ ಬೇಡ, ಪಾಪ ಬರುತ್ತೆ ಎಂದು ಸಿಸಿಲಿ ಕಾಲೆಳೆದುಕೊಂಡಳು. ಚೌರಮ್ಮ ಬಿಡಲಿಲ್ಲ. ಊದಿದ ಕಾಲು. ಹೆಬ್ಬೆರಳು ಒತ್ತಿದ ಕಡೆ ಗುಳಿ ಬಿದ್ದು ಹಾಗೇ ನಿಂತಿತು, ಮೇಲಕ್ಕೆ ಬರಲಿಲ್ಲ. ತಿಂದು ಕೂತು ಊದಿದ ಕಾಲು ಎಂದು ತಾನು ಹೇಳಿದ್ದ ಕಾಲು ಅದು. ಚೌರಮ್ಮ ಆ ಗುಳಿಯ ಮೇಲೆ ನೀರು ಹುಯ್ದು ಸೆರಗಿನಿಂದ ಒರೆಸಿದಳು. ಆಮೇಲೆ ಎದ್ದು ನಿಂತು ಸ್ತೋತ್ರ ಒಪ್ಪಿಸಿದಳು.

"ನಾಲ್ಕು ವರ್ಷ ನನ್ನ ಬಾಯಿಗೆ ಎಲೆಅಡಿಕೆ ಕುಟ್ಟಿದವಳು ಇವಳು. ನನ್ನ ಮಗ ಅಂತ ಮೆರೆದೆ. ಇವಳು ಕುಟ್ಟಿದ್ದನ್ನ ಅಗಿದು ಇವಳನ್ನೇ ಉಗಿದೆ. ದೇವರೇ, ಇವಳನ್ನ ಬದುಕಿಸು ಅಂತ ಇವತ್ತು ಕೇಳಲ್ಲ, ಕೇಳಿ ಕೇಳಿ ನಿನ್ನನ್ನೂ ಬೈದಿದ್ದೀನಿ. ಇವಳನ್ನ ನನಗೆ ಕೊಟ್ಟಿದ್ದೆಯಲ್ಲ, ಅದಕ್ಕೆ ಸ್ತೋತ್ರ."

ಹೆಂಗಸರು ಕಣ್ಣೊರೆಸಿಕೊಂಡರು. ಇನ್ಯಾಸಮ್ಮ ಸೆರಗಿನ ತುದಿ ಬಾಯಿಗೆ ತುರುಕಿಕೊಂಡಿದ್ದಳು. ಸಿಸಿಲಿ ಅತ್ತೆಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು.

"ಅತ್ತೆ, ಸುಣ್ಣ ಜಾಸ್ತಿ ಆಗ್ತಿತ್ತಾ?"

"ಹೂಂ ಕಣೆ. ಒಂದೊಂದು ದಿನ ಬಾಯಿ ಸುಟ್ಟುಹೋಗೋದು" ಎಂದಳು ಚೌರಮ್ಮ. ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರು. ರಾಯಪ್ಪ ಗೋಡೆಗೆ ತಲೆಯಿಟ್ಟು ನಕ್ಕ, ಅತ್ತ, ಯಾವುದೆಂದು ಹೇಳಲು ಬರುವ ಹಾಗಿರಲಿಲ್ಲ.

ಡಾಕ್ಟರು ಉಪ್ಪು ಕೂಡದು ಎಂದಿದ್ದರಿಂದ ಸಿಸಿಲಿಗೆಂದು ಸಪ್ಪೆ ಸಾರು ಬೇರೆ ಮಾಡಿತ್ತು. ರೀತಮ್ಮನವರು ಬಂದು ಅವಳ ಪಕ್ಕದಲ್ಲಿ ಬರೀ ನೆಲದ ಮೇಲೆ ಕೂತು, ತಮಗೂ ಅದೇ ಸಾರನ್ನು ಕೇಳಿ ಹಾಕಿಸಿಕೊಂಡರು. ಸಿಸಿಲಿ ನಾಲ್ಕು ತುತ್ತು ತಿಂದಳು. ಎಷ್ಟೋ ದಿನಗಳ ಮೇಲೆ ಅವಳು ತಿಂದ ಊಟ ಅದು. ಐದನೆಯ ತುತ್ತು ಕೈಯಲ್ಲಿರುವಾಗ ಗಂಡನ ಕಡೆ ತಿರುಗಿ, "ನಾಳೆ ಗಾಡಿ ಎಷ್ಟೊತ್ತಿಗೆ ಹೇಳಿದ್ದೀರಿ?" ಎಂದಳು.

ಗಾಡಿ ಬೇಡವೆಂದು ರಾಯಪ್ಪನೇ ತನ್ನ ಟೆಂಪೊದಲ್ಲಿ ಹಾಸಿಗೆ ಹಾಕಿದ. ಸೋಮವಾರ ಬೆಳಿಗ್ಗೆ ಸಿಸಿಲಿಯನ್ನು ಮಲಗಿಸಿ ಎಲ್ಲರೂ ಹತ್ತಿದ ಮೇಲೆ, ಚೌರಮ್ಮ ಏನೋ ಮರೆತೆ ಎಂದು ಇಳಿದು ಒಳಗೆ ಹೋದಳು. ಜೋಜಪ್ಪನವರ ಪಟವನ್ನು ತಿರುಗಿಸಿ, ಮುಖದ ಮೇಲಿನ ಸುಣ್ಣದ ಪುಡಿಯನ್ನು ಒರೆಸಿದಳು. ಬಾಯಿಬಿಟ್ಟು ಏನೂ ಕೇಳಲಿಲ್ಲ. ಸೊಸೆ ಉಳಿಯುತ್ತಾಳೋ ಇಲ್ಲವೋ ಎಂದು ಆವತ್ತು ಯಾರಿಗೂ ಗೊತ್ತಿರಲಿಲ್ಲ, ನೆನಪಿರಲಿ. ಪಟ ತಿರುಗಿದ್ದು ಆವತ್ತೇ.

ಆಪರೇಷನ್ ನಡೆದಷ್ಟು ಹೊತ್ತೂ ಚೌರಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು. ಹೋಗುವವರು ಬರುವವರಿಗೆಲ್ಲ ಸ್ತೋತ್ರ ಹೇಳಿದಳು. ಕಸ ಗುಡಿಸುವವಳಿಗೆ ಹೇಳಿದಳು, ಔಷಧಿ ಗಾಡಿ ತಳ್ಳುವವನಿಗೆ ಹೇಳಿದಳು. ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡರು ಕೆಲವರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಆಕೆ ತಡೆದುಕೊಂಡಳು ಎಂದರು.

ಸಿಸಿಲಿ ಊರಿಗೆ ಮರಳಿದ ದಿನ ಜನವೆಲ್ಲ ಗುಡಿಯ ಹಿಂದಿನ ಕೋಣೆಗೆ ನುಗ್ಗಿದರು. ಪವಾಡ, ಅಮ್ಮನವರ ಪವಾಡ ಎಂದು ಕಾಲಿಗೆ ಬಿದ್ದರು. ರೀತಮ್ಮನವರು ಅಚ್ಚಿನಿಂದ ರೊಟ್ಟಿ ಬಿಡಿಸುತ್ತಾ, "ನಾನೇನು ಮಾಡಿದೆ? ಊಟ ಮಾಡಿದೆ" ಎಂದರು, ಎಲ್ಲರ ಕೈಗೂ ಅಂಚು ಮುರಿದುಕೊಟ್ಟರು. ಆ ಪುಣ್ಯಾತ್ಮರ ಬಾಯಿಂದ ಇದಕ್ಕಿಂತ ಹೆಚ್ಚಿನ ಮಾತು ಯಾರಿಗೂ ಸಿಗಲಿಲ್ಲ.

ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಆಮೇಲೆ ಆ ಮನೆಯ ನೀರೆಲ್ಲ ಚೌರಮ್ಮನ ಸೊಂಟದ ಮೇಲೆಯೇ ಬಂತು. ಅರ್ಧದಾರಿಯ ಕಲ್ಲಿನ ಮೇಲೆ ಅವಳೂ ಕೂರುತ್ತಾಳೆ. ಏನು ಚೌರಮ್ಮ, ಸೋಮಾರಿಯಾದೆಯಾ ಎಂದು ಇನ್ಯಾಸಮ್ಮ ಕೆಣಕಿದರೆ, ಹೂಂ ಕಣೆ, ನಮ್ಮ ಮನೆತನದ ಚಾಳಿ ಎಂದು ನಗುತ್ತಾಳೆ. ಅವಳ ನಾಲಿಗೆ ಮೊಂಡಾಯಿತು ಎಂದು ಯಾರೂ ತಿಳಿಯಬೇಡಿ. ಸೊಸೆಯ ಬಗ್ಗೆ ಒಂದು ಮಾತು ಎತ್ತಿದವರಿಗೆ ಅದರ ಹರಿತ ಚೆನ್ನಾಗಿ ಗೊತ್ತು.

ಬೆಳಿಗ್ಗೆ ಮಾತ್ರ ಆ ಮನೆಯಿಂದ ಟಕ್ ಟಕ್ ಎಂದು ಕಬ್ಬಿಣದ ಒರಳಿನ ಸದ್ದು ಕೇಳುತ್ತದೆ. ಅತ್ತೆ ಬೇಡವೆಂದರೂ ಅದೊಂದು ಕೆಲಸವನ್ನು ಸಿಸಿಲಿ ಬಿಟ್ಟುಕೊಟ್ಟಿಲ್ಲ. ಸುಣ್ಣ ಈಗ ಹದವಾಗಿರುತ್ತದಂತೆ. ಡಬ್ಬಿ ಈಗ ಅರುಳಪ್ಪನ ಕೈಗೆ ಹೋಗುವುದಿಲ್ಲ. ಸೊಸೆ ಬಂದು ನೀಡುತ್ತಾಳೆ, ಅತ್ತೆ ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತಾಳೆ, ಬಾಯಿಗೆ ಹಾಕಿಕೊಳ್ಳುವ ಮೊದಲು "ಸ್ತೋತ್ರ" ಎನ್ನುತ್ತಾಳೆ.